ಎಂಜಿನ್ ಬದಲಾದ ಫೋರ್ಡ್ ಮಾಡೆಲ್ ಎ: ಚಾಸಿಸ್ ನಂಬರ್ ಹುಡುಕಿದ ಒಂದು ಪ್ರಕರಣ

ಮಲೆನಾಡಿನ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ನಿಂತೇ ಇದ್ದ ಫೋರ್ಡ್ ಮಾಡೆಲ್ ಎ ಕಾರಿನ ಪ್ರಕರಣ ಇದು. ಆರ್‌ಸಿ ಪುಸ್ತಕದಲ್ಲಿ ಬರೆದಿದ್ದ ನಂಬರು ಕಾರಿನ ಮೇಲೆ ಎಲ್ಲೂ ಕಾಣುತ್ತಿರಲಿಲ್ಲ. ಕಾರಿನ ಮೇಲೆ ಕಾಣುತ್ತಿದ್ದ ಒಂದೇ ಒಂದು ನಂಬರು ಮನೆಯಲ್ಲಿದ್ದ ಯಾವ ಕಾಗದಕ್ಕೂ ಹೊಂದುತ್ತಿರಲಿಲ್ಲ. ಕಾರು ಆ ಮನೆಯದೇ ಎಂಬುದರಲ್ಲಿ ಸುತ್ತಮುತ್ತ ಯಾರಿಗೂ ಅನುಮಾನವಿರಲಿಲ್ಲ, ಆದರೆ ಆರ್‌ಟಿಒ ಕಚೇರಿಗೆ ಅದು ಸಾಕ್ಷಿಯಾಗುವುದಿಲ್ಲ. ಮನೆಯವರ ಹೆಸರು, ಊರು, ಗಾಡಿಯ ನಂಬರು ಇಲ್ಲಿ ಕೊಡುತ್ತಿಲ್ಲ. ಉಳಿದದ್ದನ್ನು ವಿವರವಾಗಿಯೇ ಬರೆಯುತ್ತೇನೆ. ಹಳೇ ಕಾರಿನ ಕಾಗದ ಸರಿಮಾಡಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ.

ಕಾರು ಮತ್ತು ಕಾಗದ

ತೆರೆದ ಬಾಡಿ, ನಾಲ್ಕು ಬಾಗಿಲು, ಮೇಲೆ ಮಡಚುವ ಬಟ್ಟೆಯ ಹುಡ್ಡು. ಫೋರ್ಡ್ ಕಂಪನಿ ಈ ಮಾದರಿಯನ್ನು ಫೇಟನ್ ಎಂದು ಕರೆಯುತ್ತಿತ್ತು. ಸ್ಟೀರಿಂಗ್ ಬಲಗಡೆ. ಚಕ್ರ 19 ಇಂಚಿನದು. ಮಾಡೆಲ್ ಎ ನೋಡಿ ಪಳಗಿದವರು ಮೊದಲು ನೋಡುವುದು ಈ ಚಕ್ರವನ್ನೇ, ಏಕೆಂದರೆ 1928–29ರ ಗಾಡಿಗಳಿಗೆ 21 ಇಂಚಿನ ಚಕ್ರ ಬರುತ್ತಿತ್ತು, 1930–31ರವಕ್ಕೆ 19 ಇಂಚಿನದು. ರೇಡಿಯೇಟರ್ ಚೌಕಟ್ಟಿನ ಎತ್ತರ, ಮಡ್‌ಗಾರ್ಡಿನ ಅಗಲ ಎಲ್ಲವೂ 1930ರ ನಂತರದ ಮಾದರಿಗೇ ಹೊಂದುತ್ತಿದ್ದವು.

ಆರ್‌ಸಿ ಪುಸ್ತಕ ಅಜ್ಜನ ಹೆಸರಿನಲ್ಲಿತ್ತು, ನಂಬರು ಹಳೇ ಮೈಸೂರು ರಾಜ್ಯದ ಎಂವೈ ಅಕ್ಷರದ್ದು. ತಯಾರಾದ ವರ್ಷ 1930 ಎಂದಿತ್ತು. ಎಂಜಿನ್ ನಂಬರಿನ ಕಾಲಮ್ಮಿನಲ್ಲೂ ಚಾಸಿಸ್ (ಬಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು) ನಂಬರಿನ ಕಾಲಮ್ಮಿನಲ್ಲೂ ಒಂದೇ ನಂಬರು ಬರೆದಿತ್ತು. ಇಂಗ್ಲಿಷಿನಲ್ಲಿ ಎರಡು ಅಕ್ಷರ, ಮುಂದೆ ಅಂಕಿಗಳು. ಆ ಎರಡು ಅಕ್ಷರಗಳನ್ನು ನೋಡಿದವರೆಲ್ಲ 'ಜಿಎ' ಎಂದೇ ಓದುತ್ತಿದ್ದರು. ಕಚೇರಿಯ ಕಂಪ್ಯೂಟರಿಗೆ ಏರಿಸಿದ್ದ ದಾಖಲೆಯಲ್ಲೂ 'ಜಿಎ' ಎಂದೇ ಇತ್ತು.

ಹಳೇ ಇನ್ಶೂರೆನ್ಸ್ ಪಾಲಿಸಿಯೊಂದರಲ್ಲಿ ಎಂಜಿನ್ ನಂಬರು ಎ-6050 ಎಂದು ನಮೂದಾಗಿತ್ತು. ಇದನ್ನು ಕಂಡ ತಕ್ಷಣ ಬದಿಗಿಡಬಹುದು. ಫೋರ್ಡ್ ತನ್ನ ಬಿಡಿಭಾಗಗಳಿಗೆ ಕೊಟ್ಟ ಪಾರ್ಟ್ ನಂಬರುಗಳಲ್ಲಿ ಎ-6050 ಎಂದರೆ ಸಿಲಿಂಡರ್ ಹೆಡ್. ಸಿಲಿಂಡರ್ ಬ್ಲಾಕು, ಅಂದರೆ ಎಂಜಿನ್ನಿನ ಮುಖ್ಯ ಒಡಲು, ಎ-6015. ಲಕ್ಷಾಂತರ ಮಾಡೆಲ್ ಎ ಕಾರುಗಳಿಗೆ ಇದೇ ಪಾರ್ಟ್ ನಂಬರು. ಅದು ಭಾಗದ ಗುರುತು, ಗಾಡಿಯ ಗುರುತಾಗಲಾರದು. ಯಾವುದೋ ರಿಪೇರಿ ಬಿಲ್ಲಿನಿಂದ ಇಳಿದ ಈ ಸಂಖ್ಯೆ ವರ್ಷವರ್ಷವೂ ಪಾಲಿಸಿಯಿಂದ ಪಾಲಿಸಿಗೆ ನಕಲಾಗುತ್ತ ಬಂದಿತ್ತು. ಹೀಗೆ ಪಾರ್ಟ್ ನಂಬರು ಎಂಜಿನ್ ನಂಬರಿನ ವೇಷ ಹಾಕಿಕೊಂಡ ಕಾಗದಗಳು ಹಳೇ ಕಾರಿನ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತವೆ.

ಇನ್ನು ಎಂಜಿನ್ನಿನ ಮೇಲೆ ಕಣ್ಣಾರೆ ಕಾಣುವ ನಂಬರು: ಮುಂದೆ 'ಎ' ಒಂದೇ ಅಕ್ಷರ, ನಂತರ ಏಳಂಕಿಯ ಸಂಖ್ಯೆ, ಹದಿನೆಂಟು ಲಕ್ಷದ ಆಸುಪಾಸಿನದು.

ಮನೆಯ ಮೊಮ್ಮಗನಿಗೆ ಬೇಕಿದ್ದದ್ದು ವಿಂಟೇಜ್ ನೋಂದಣಿ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈ 15ರಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ ಇದಕ್ಕೊಂದು ಪ್ರತ್ಯೇಕ ವ್ಯವಸ್ಥೆ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿಸಿಕೊಂಡ ಕಾರು ಮತ್ತು ದ್ವಿಚಕ್ರ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸದಾಗಿ ನೋಂದಾಯಿಸುವುದಾದರೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಹೊಸ ನೋಂದಣಿಗೆ ರಾಜ್ಯದ ಅಕ್ಷರಗಳ ನಂತರ 'ವಿಎ' ಸೇರಿದ ನಂಬರು ಕೊಡುತ್ತಾರೆ. ಮೊದಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬೇಕು.

ಈ ಮನೆಯವರಿಗೆ ಮುಖ್ಯವಾದದ್ದು ಹಳೇ ನಂಬರು ಉಳಿಸಿಕೊಳ್ಳುವ ಮಾತು. ಅಜ್ಜನ ಎಂವೈ ನಂಬರು ಹೋದರೆ ಕಾರು ಉಳಿದೂ ಅರ್ಧ ಹೋದಂತೆಯೇ ಎಂಬುದು ಅವರ ಭಾವನೆ. ನನಗೂ ಹಾಗೇ ಅನ್ನಿಸುತ್ತದೆ. ಆ ನಂಬರು ಉಳಿಯಬೇಕಾದರೆ ಆರ್‌ಸಿಯಲ್ಲಿರುವ ಕಾರೇ ಈ ಕಾರು ಎಂದು ತೋರಿಸಬೇಕು. ತೋರಿಸಲು ಚಾಸಿಸ್ ನಂಬರು ಬೇಕು.

'ಹೊಡೆಸಿಬಿಡೋಣ ಸಾರ್'

ಪರಿಶೀಲನೆಗೆ ಬಂದ ಬ್ರೇಕ್ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ನೋಡಿದರು. ಎಂಜಿನ್ ನಂಬರು ಪುಸ್ತಕದ ಜೊತೆ ತಾಳೆಯಾಗಲಿಲ್ಲ. "ಚಾಸಿಸ್ ನಂಬರ್ ಎಲ್ಲಿದೆ ತೋರಿಸ್ರಿ, ಪೆನ್ಸಿಲ್ ಪ್ರಿಂಟ್ ತಗೋಬೇಕು" ಎಂದರು. ಹೊಡೆದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚೇ ಪೆನ್ಸಿಲ್ ಪ್ರಿಂಟ್. ಯಾರಿಗೂ ತೋರಿಸಲಾಗಲಿಲ್ಲ. ಚಾಸಿಸ್ಸಿನ ಉದ್ದನೆಯ ತೊಲೆಗೆ ರೈಲು ಎನ್ನುತ್ತಾರೆ; ಹೊರಚಾಚಿದ ರೈಲಿನ ಉದ್ದಕ್ಕೂ ಟಾರ್ಚು ಬಿಟ್ಟು ನೋಡಿದರೂ ಏನೂ ಇಲ್ಲ. ಅವರು ಅರ್ಜಿಯನ್ನು ಹಾಗೇ ವಾಪಸು ಕೊಟ್ಟರು. ಅವರು ಮಾಡಿದ್ದು ಸರಿಯೇ. ನಂಬರು ಕಾಣದ ಗಾಡಿಗೆ ಸಹಿ ಹಾಕುವ ಅಧಿಕಾರಿಯನ್ನು ನಂಬಬಾರದು.

ಅಲ್ಲಿಂದ ಮುಂದೆ ಒಬ್ಬ ಏಜೆಂಟರು ಬಂದು ಸುಲಭದ ದಾರಿ ಹೇಳಿದರು. "ರೈಲಿನ ಮೇಲೆ ಸ್ವಲ್ಪ ಗ್ರೈಂಡರ್ ಆಡಿಸಿ, ಪುಸ್ತಕದಲ್ಲಿರೋ ನಂಬರನ್ನೇ ಹೊಡೆಸಿಬಿಡೋಣ ಸಾರ್. ಹಳೇ ಗಾಡಿ, ಯಾರು ಕೇಳ್ತಾರೆ?"

ಇದನ್ನು ಖಡಾಖಂಡಿತವಾಗಿ ಬೇಡವೆಂದು ಹೇಳಬೇಕಾಯಿತು. ಅದು ಕಾನೂನಿನ ಕಣ್ಣಲ್ಲಿ ಫೋರ್ಜರಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಈ ಪ್ರಕರಣಕ್ಕೇ ಸೇರಿದ್ದು: ಏಜೆಂಟರ ಮಾತು ಕೇಳಿ ಅಂದು 'ಜಿಎ' ಎಂದು ಹೊಡೆಸಿದ್ದರೆ, ಮುಂದೆ ಬಾಡಿ ಎತ್ತಿದ ದಿನ ಅದೇ ಚಾಸಿಸ್ಸಿನಲ್ಲಿ ಒಂದಕ್ಕೊಂದು ಹೊಂದದ ಎರಡು ನಂಬರುಗಳು ಕಾಣುತ್ತಿದ್ದವು. ಗ್ರೈಂಡರಿನ ಗೆರೆ, ಮೇಲೆ ಹೊಸ ಪಂಚು. ಕದ್ದ ಗಾಡಿಯ ಲಕ್ಷಣವೆಂದು ಯಾವ ಪೊಲೀಸರಾದರೂ ಹೇಳುವುದು ಇದನ್ನೇ. ಮೂರು ತಲೆಮಾರು ಒಂದೇ ಮನೆಯಲ್ಲಿದ್ದ ಕಾರು ಒಂದು ಮಧ್ಯಾಹ್ನದಲ್ಲಿ ಕಳ್ಳಗಾಡಿಯಂತೆ ಕಾಣತೊಡಗುತ್ತಿತ್ತು, ಅದನ್ನು ತಿದ್ದಲು ಯಾವ ಅಫಿಡವಿಟ್ಟಿನಿಂದಲೂ ಆಗುತ್ತಿರಲಿಲ್ಲ.

ಫೋರ್ಡ್ ನಂಬರು ಹೊಡೆಯುತ್ತಿದ್ದ ಕ್ರಮ

ಈಗಿನ ಗಾಡಿಗಳಿಗೆ 17 ಅಕ್ಷರಾಂಕಿಗಳ ವಿಐಎನ್, ಅಂದರೆ ಗಾಡಿಯ ಗುರುತಿನ ನಂಬರು, ಇರುತ್ತದೆ. ಅಮೆರಿಕದಲ್ಲಿ 1981ರ ಮಾದರಿಗಳಿಂದ ಅದು ಕಡ್ಡಾಯವಾಯಿತು. ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗದಿರಲೆಂದು ಐ, ಒ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಅವರವರ ಕಂಪನಿಯದು ಅವರವರ ಕ್ರಮ. ಹಾಗಾಗಿ ವಿಂಟೇಜ್ ಕಾರಿನಲ್ಲಿ ನಂಬರು ಹುಡುಕುವ ಮೊದಲು ಆ ಕಂಪನಿ ಆ ಕಾಲದಲ್ಲಿ ಯಾವುದನ್ನು ಗಾಡಿಯ ನಂಬರು ಎಂದು ಭಾವಿಸುತ್ತಿತ್ತು ಎಂದು ತಿಳಿದುಕೊಳ್ಳಬೇಕು.

ಫೋರ್ಡ್ ಕಂಪನಿಗೆ ಎಂಜಿನ್ ನಂಬರೇ ಗಾಡಿಯ ನಂಬರು. ಹಿಂದಿನ ಮಾಡೆಲ್ ಟಿ ಕಾಲದಿಂದ ಬಂದ ಪದ್ಧತಿ ಅದು. ಮಾಡೆಲ್ ಎ ಎಂಜಿನ್ನಿನ ಎಡಬದಿಯಲ್ಲಿ, ರೇಡಿಯೇಟರಿನ ನೀರು ಬ್ಲಾಕಿನೊಳಗೆ ಸೇರುವ ಕೊಳವೆಯ ಮೇಲ್ಗಡೆ, ಒಂದು ಚಪ್ಪಟೆ ಪಟ್ಟಿಯಿದೆ. ನಂಬರು ಹೊಡೆಯುತ್ತಿದ್ದದ್ದು ಅಲ್ಲಿ. ಎ1 ಎಂಬ ಮೊದಲ ನಂಬರು ಬಿದ್ದದ್ದು 1927ರ ಅಕ್ಟೋಬರಿನಲ್ಲಿ. ಆಮೇಲೆ ಆ ಎಂಜಿನ್ನನ್ನು ಚಾಸಿಸ್ಸಿಗೆ ಕೂರಿಸುವಾಗ ಅದೇ ನಂಬರನ್ನು ಚಾಸಿಸ್ಸಿನ ಎಡ ರೈಲಿನ ಮೇಲ್ಮೈಗೂ ಹೊಡೆಯುತ್ತಿದ್ದರು. ಆಮೇಲೆ ಅದರ ಮೇಲೆ ಬಾಡಿ ಕೂರುತ್ತಿತ್ತು. ಡ್ಯಾಶ್‌ಬೋರ್ಡಿನ ಮುಂಭಾಗದ ಬಾಡಿ ಸರಿಯಾಗಿ ಆ ನಂಬರನ್ನು ಮುಚ್ಚುತ್ತದೆ. ಹೀಗಾಗಿ ಈ ನಂಬರು ಎಲ್ಲ ಮಾಡೆಲ್ ಎ ಮಾಲೀಕರ ಬಳಿಯೂ ಇರುತ್ತದೆ, ಅದನ್ನು ಕಣ್ಣಾರೆ ಕಂಡವರು ಮಾತ್ರ ಬಹಳ ಕಡಿಮೆ.

ಪುಸ್ತಕದ ಎರಡೂ ಕಾಲಮ್ಮಿನಲ್ಲಿ ಒಂದೇ ನಂಬರು ಏಕಿತ್ತು ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಗುಮಾಸ್ತರು ಅವಸರದಲ್ಲಿ ಎರಡು ಸಲ ಬರೆದರು ಎಂದು ಮನೆಯವರು ತಿಳಿದಿದ್ದರು. ಫ್ಯಾಕ್ಟರಿಯಿಂದ ಬಂದ ಮಾಡೆಲ್ ಎಗೆ ಎರಡೂ ಒಂದೇ ಇರಬೇಕು. ಪುಸ್ತಕ ಸರಿಯಾಗಿಯೇ ಇತ್ತು.

ಮುಂದಿನ ಪ್ರಶ್ನೆ 'ಜಿಎ'. ಇದಕ್ಕೆ ಕಾರು ಭಾರತಕ್ಕೆ ಬಂದ ದಾರಿಯನ್ನು ನೋಡಬೇಕು. ಬ್ರಿಟಿಷ್ ಸಾಮ್ರಾಜ್ಯದ ದೇಶಗಳಲ್ಲಿ, ಬ್ರಿಟನ್ ಒಂದನ್ನು ಬಿಟ್ಟು, ಫೋರ್ಡ್ ವ್ಯಾಪಾರ ಕೆನಡಾದ ಫೋರ್ಡ್ ಕಂಪನಿಯ ಕೈಯಲ್ಲಿತ್ತು. 1926ರಲ್ಲಿ ಶುರುವಾದ ಫೋರ್ಡ್ ಇಂಡಿಯಾ ಆ ಕೆನಡಾ ಕಂಪನಿಯದೇ ಅಂಗ. ಬೊಂಬಾಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಅದು ಗಾಡಿಗಳನ್ನು ಜೋಡಿಸುತ್ತಿತ್ತು. ಬಲಗಡೆ ಸ್ಟೀರಿಂಗಿನ ಗಾಡಿಗಳು ಆಂಟೇರಿಯೋ ಪ್ರಾಂತ್ಯದಲ್ಲಿದ್ದ ಆ ಕೆನಡಾ ಕಂಪನಿಯ ಫ್ಯಾಕ್ಟರಿಯಿಂದ ಹಡಗೇರಿ ಬರುತ್ತಿದ್ದವು. ಕೆನಡಾದಲ್ಲಿ ತಯಾರಾದ ಮಾಡೆಲ್ ಎ ಎಂಜಿನ್ನುಗಳ ನಂಬರು ಶುರುವಾಗುವುದು 'ಸಿಎ' ಎಂಬ ಅಕ್ಷರಗಳಿಂದ. ಅಮೆರಿಕದವು ಬರೀ 'ಎ'.

ಇದು ತಿಳಿದ ಮೇಲೆ ಆರ್‌ಸಿ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆವು. ಇಡೀ ಪುಟ ಒಬ್ಬರದೇ ಕೈಬರಹ, ನೀಲಿ ಮಸಿ, ಹಳೇ ಕಾಲದ ಓರೆ ಅಕ್ಷರ. ಮಾಲೀಕರ ಉದ್ಯೋಗದ ಸಾಲಿನಲ್ಲಿ 'ಕಾಫಿ ಪ್ಲಾಂಟರ್' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಣ್ಣದ ಸಾಲಿನಲ್ಲಿ 'ಗ್ರೇ'. ಕಾಫಿ ಪದದ ಮೊದಲಕ್ಷರದ ಕೆಳತುದಿ ಒಳಕ್ಕೆ ಸುರುಳಿ ಸುತ್ತಿಕೊಂಡು, ಒಂಟಿಯಾಗಿ ನೋಡಿದರೆ ಜಿ ಹಾಗೆಯೇ ಕಾಣುತ್ತದೆ. ಗ್ರೇ ಪದದ ಜಿ ಬೇರೆಯೇ ಥರ, ಅದರ ಬಾಲ ಗೆರೆಯ ಕೆಳಗಿಳಿದು ಎಡಕ್ಕೆ ತಿರುಗುತ್ತದೆ. ನಂಬರಿನ ಮೊದಲಕ್ಷರ ಕಾಫಿಯ ಅಕ್ಷರಕ್ಕೆ ತದ್ರೂಪ. ಅಂದರೆ ಬರೆದವರು 'ಸಿಎ' ಎಂದೇ ಬರೆದಿದ್ದರು, ಓದಿದವರು ತಪ್ಪು ಓದಿದ್ದರು. ದಶಕಗಳ ಗೊಂದಲದ ಅರ್ಧ ಭಾಗ ಒಂದು ಅಕ್ಷರದ ಬಾಲದಲ್ಲಿತ್ತು. ಭೂತಗನ್ನಡಿ ಹಿಡಿದು ನೋಡುತ್ತಿದ್ದ ಮನೆಯ ಹಿರಿಯರು "ಅಯ್ಯೋ ಮಾರಾಯ್ರೆ, ಇಷ್ಟೇನಾ!" ಎಂದರು.

ಎಂಜಿನ್ನಿನ ಮೇಲಿದ್ದ ಹದಿನೆಂಟು ಲಕ್ಷದ 'ಎ' ನಂಬರೂ ತನ್ನ ಕಥೆ ಹೇಳಿತು. ಅಮೆರಿಕದ ಸರಣಿಯಲ್ಲಿ 1929ರ ಆರಂಭದಲ್ಲಿ ನಂಬರು 8,10,000 ದಾಟಿತ್ತು, 1930ರ ಆರಂಭದಲ್ಲಿ 27,42,000 ದಾಟಿತ್ತು. ಹಾಗಾದರೆ ಈ ಬ್ಲಾಕು 1929ರದು. ಕಾರು 1930ರದು, ಕೆನಡಾದ್ದು. ಎಂಜಿನ್ ಕಾರಿಗಿಂತ ಹಳೆಯದು, ಬೇರೆ ದೇಶದ್ದು. ಯಾವಾಗಲೋ ಬದಲಾಗಿದೆ ಎಂಬುದು ಖಚಿತವಾಯಿತು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಅಮೆರಿಕದ ಈ ವರ್ಷವಾರು ಪಟ್ಟಿಯನ್ನು ಹಿಡಿದು 'ಸಿಎ' ನಂಬರಿನ ಗಾಡಿಯ ವರ್ಷ ಲೆಕ್ಕ ಹಾಕಬಾರದು. ಕೆನಡಾದ ಸರಣಿಯ ಎಣಿಕೆಯೇ ಬೇರೆ, ಅದರ ಸಂಖ್ಯೆಗಳು ತೀರಾ ಚಿಕ್ಕವು. ಭಾರತದ ಗಾಡಿಗಳನ್ನು ಆ ಪಟ್ಟಿಗೆ ಹಿಡಿದು 1930ರ ಕಾರನ್ನು 1928ರದೆಂದು ಮಾರಿದ್ದನ್ನು ಕಂಡಿದ್ದೇನೆ.

ಬಾಡಿ ಎತ್ತಿದ್ದು

ಇಷ್ಟೆಲ್ಲ ಆದರೂ ಕೈಯಲ್ಲಿದ್ದದ್ದು ತರ್ಕ ಮಾತ್ರ. ರೈಲಿನ ಮೇಲೆ ನಂಬರು ಕಂಡರೆ ಮಾತ್ರ ಸಾಕ್ಷಿ. ಬಾಡಿ ಮತ್ತು ರೈಲಿನ ನಡುವಿನ ಸಂದಿಗೆ ತೆಳ್ಳನೆಯ ಬೋರ್‌ಸ್ಕೋಪ್ ಕ್ಯಾಮೆರಾ ತೂರಿಸಿ ನೋಡಿದರೆ ಮಣ್ಣು, ಒಣಗಿದ ಗ್ರೀಸು, ಯಾವುದೋ ಕಾಲದ ಬಣ್ಣ ಬಿಟ್ಟು ಏನೂ ಕಾಣಲಿಲ್ಲ. ಬಾಡಿಯ ಮುಂಭಾಗವನ್ನು ಎತ್ತದೆ ಬೇರೆ ದಾರಿಯಿರಲಿಲ್ಲ.

ಮಾಡೆಲ್ ಎ ಕಾರಿನಲ್ಲಿ ಈ ಕೆಲಸಕ್ಕೆ ಕೈಹಾಕುವವರು ಮೊದಲು ತಿಳಿಯಬೇಕಾದದ್ದು ಪೆಟ್ರೋಲ್ ಟ್ಯಾಂಕಿನ ಜಾಗ. ಟ್ಯಾಂಕು ಡ್ಯಾಶ್‌ಬೋರ್ಡಿನ ಮುಂದೆ, ಗಾಜಿನ ಬುಡದಲ್ಲಿ, ಬಾಡಿಯದೇ ಭಾಗವಾಗಿ ಕೂತಿರುತ್ತದೆ. ಅಲ್ಲಿಂದ ಪೆಟ್ರೋಲು ಪಂಪಿಲ್ಲದೆ ತಾನೇ ಇಳಿದು ಕಾರ್ಬುರೇಟರ್ ಸೇರುತ್ತದೆ. ನಾವು ಎತ್ತಬೇಕಿದ್ದ ಭಾಗ, ನಂಬರಿರುವ ಜಾಗ, ಟ್ಯಾಂಕು ಮೂರೂ ಒಂದರ ಮೇಲೊಂದು. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಪೆಟ್ರೋಲ್ ಪೈಪು ಬಿಚ್ಚಿ, ಬ್ಯಾಟರಿಯ ತಂತಿ ತೆಗೆದು, ಶೆಡ್ಡಿನ ಬಾಗಿಲು ತೆರೆದಿಟ್ಟ ಮೇಲೆಯೇ ಮೇಸ್ತ್ರಿ ಸ್ಪ್ಯಾನರು ಹಿಡಿದದ್ದು. ಗ್ರೈಂಡರು, ವೆಲ್ಡಿಂಗು ಹತ್ತಿರವೂ ಸುಳಿಯದಂತೆ ನೋಡಿಕೊಂಡರು.

ಬಾಡಿಯ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿಬಿಟ್ಟಿದ್ದವು. ಅವಸರಪಟ್ಟು ತಿರುಗಿಸಿದರೆ ತಲೆ ಮುರಿಯುತ್ತದೆ, ಒಳಗಿನ ಮರದ ಪಟ್ಟಿಯೂ ಸೀಳುತ್ತದೆ. ದಿನಾ ಒಂದಷ್ಟು ಎಣ್ಣೆ ಬಿಟ್ಟು, ತುದಿಗೆ ಮೆಲ್ಲಗೆ ತಟ್ಟಿ ಬಿಟ್ಟುಬಿಡುವುದು, ಮರುದಿನ ಮತ್ತೆ ಎಣ್ಣೆ. ಅವು ಸಡಿಲವಾದ ಮೇಲೆ ಹೆಡ್‌ಲೈಟಿನ ವೈರು, ಸ್ಪೀಡೋಮೀಟರ್ ಕೇಬಲ್, ಚೋಕ್ ಸರಳು ಬಿಚ್ಚಿ, ಜಾಕಿಯ ಮೇಲೆ ಉದ್ದದ ಸಿಲ್ವರ್ ಓಕ್ ಹಲಗೆಯಿಟ್ಟು ಭಾರ ಹಂಚಿ ಬಾಡಿಯ ಎಡ ಮುಂಭಾಗವನ್ನು ಎತ್ತಿದರು. ಸ್ಟೀರಿಂಗ್ ಬಲಗಡೆ ಇದ್ದದ್ದು ಇಲ್ಲಿ ಅನುಕೂಲವಾಯಿತು. ಎಡಗಡೆ ಸ್ಟೀರಿಂಗಿನ ಕಾರಿನಲ್ಲಿ ಕಂಬವೂ ಅಡ್ಡ ಬರುತ್ತದೆ. ಒಂದು ಕೈ ಮತ್ತು ಒಂದು ಬ್ರಷ್ಷು ಆಡುವಷ್ಟು ಸಂದಿ ಸಿಕ್ಕರೆ ಸಾಕು.

ಆಮೇಲಿನದು ನಿಧಾನದ ಕೆಲಸ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ಗ್ರೀಸು ತೆಗೆದರು. ಕೆಳಗೆ ಕಪ್ಪು ಬಣ್ಣ. ಬಣ್ಣ ಬಿಡಿಸುವ ಮುಲಾಮು ಹಚ್ಚಿ, ಹಿತ್ತಾಳೆಯ ಮೆತ್ತನೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ತಿಕ್ಕುತ್ತ ಹೋದರು. ಉಪ್ಪುಕಾಗದ ಬೇಡವೇ ಬೇಡ ಎಂದು ನಾನು ಹಟ ಹಿಡಿದಿದ್ದೆ. ಕೈಯಲ್ಲಿ ಹೊಡೆದ ಹಳೇ ಪಂಚು ಆಳವಿರುವುದಿಲ್ಲ, ನಾಲ್ಕು ಉಜ್ಜಿಗೆ ಅಂಕಿಯೇ ಹೋಗುತ್ತದೆ, ಹೊಳೆಯುವ ಕಬ್ಬಿಣ ಕಂಡರೆ ನೋಡಿದವರಿಗೆ ಅನುಮಾನವೂ ಬರುತ್ತದೆ. ಮೊದಲು ಒಂದು ಅರ್ಧಚಂದ್ರ ಕಂಡಿತು, ಅದರ ಪಕ್ಕ 'ಎ' ಅಕ್ಷರದ ಎರಡು ಕಾಲು. ಸಿ, ಎ. ಮುಂದೆ ಅಂಕಿಗಳು ಸಾಲು ತಪ್ಪಿ ಒಂದು ಮೇಲೆ ಒಂದು ಕೆಳಗೆ ನಿಂತಿದ್ದವು. ಯಾರೋ ಒಬ್ಬ ಕೆಲಸಗಾರ ಒಂದೊಂದೇ ಅಂಕಿಯ ಪಂಚು ಹಿಡಿದು ಸುತ್ತಿಗೆಯಲ್ಲಿ ಹೊಡೆದದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಅಚ್ಚುಕಟ್ಟಾಗಿ ಒಂದೇ ಗೆರೆಯಲ್ಲಿ ನಿಂತ ನಂಬರು ಕಂಡಿದ್ದರೆ ನನಗೇ ಗಾಬರಿಯಾಗುತ್ತಿತ್ತು.

ಒಂದು ಅಂಕಿ ಮಾತ್ರ ಕಾಟ ಕೊಟ್ಟಿತು. ಪೆನ್ಸಿಲ್ ಪ್ರಿಂಟ್ ತೆಗೆದರೆ 8 ಬರುತ್ತಿತ್ತು, ಪುಸ್ತಕದಲ್ಲಿ 3. ಕಾಗದ ಬದಲಿಸಿ ತೆಗೆದರೂ 8. ಪೆನ್ಸಿಲ್ ಪ್ರಿಂಟಿನ ಗುಣವೇ ಅಂಥದ್ದು, ಪಂಚಿನ ಗುಳಿಗೂ ತುಕ್ಕು ತಿಂದ ಗುಳಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮೇಲೆ ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ರೈಲಿಗೆ ಒರಗಿಸಿ ಬದಿಯಿಂದ ಬೆಳಕು ಬಿಟ್ಟರು. ಬದಿಯ ಬೆಳಕಿನಲ್ಲಿ ಪಂಚಿನ ಗುಳಿಯ ಅಂಚು ಚೂಪಾಗಿ ನೆರಳು ಬೀಳಿಸುತ್ತದೆ, ತುಕ್ಕಿನ ಗುಳಿಯ ಅಂಚು ಮಸುಕು. ಬಲಗಡೆಯ ಎರಡು ಬಾಗು ಚೂಪು, ಎಡಗಡೆಯದು ಮಸುಕು. ಅಂಕಿ 3. ಬೆಳಕನ್ನು ಬೇರೆಬೇರೆ ದಿಕ್ಕಿನಿಂದ ಬಿಟ್ಟು ಫೋಟೋ ತೆಗೆದಿಟ್ಟುಕೊಂಡೆವು. ಈ ಫೋಟೋಗಳೇ ಮುಂದೆ ಹೆಚ್ಚು ಕೆಲಸಕ್ಕೆ ಬಂದವು.

ಎಲ್ಲ ಹಳೇ ಕಾರಿಗೂ ಬಾಡಿ ಎತ್ತಬೇಕಿಲ್ಲ. ಮಾರಿಸ್ ಮೈನರ್ ಕಾರಿನಲ್ಲಿ ಬಾನೆಟ್ ಎತ್ತಿದರೆ ಹಿಂದಿನ ಗೋಡೆಯ ಮೇಲೆ ನಂಬರಿರುವ ತಗಡಿನ ಪಟ್ಟಿ ಸಿಗುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪಿಗೆ ಮುಂದಿನ ಬಂಪರಿನ ಹಿಂದೆ, ಎಡ ರೈಲಿನ ಒಳಮೈಗೆ ಪಟ್ಟಿ ಬಡಿದಿರುತ್ತಾರೆ. ಅದೇ ಜೀಪನ್ನು ಫೋರ್ಡ್ ತಯಾರಿಸಿದಾಗ ತನ್ನ ಹಳೇ ಚಾಳಿಯಂತೆ ಎಡ ರೈಲಿನ ಮೇಲ್ಮೈಗೇ ಹೊಡೆಯಿತು. ಪಟ್ಟಿಯ ತೊಂದರೆಯೆಂದರೆ ಅದನ್ನು ಕಿತ್ತು ಇನ್ನೊಂದು ಗಾಡಿಗೆ ಬಡಿಯಬಹುದು. ರೈಲಿಗೆ ಹೊಡೆದ ನಂಬರು ಕೀಳಲಾಗದು, ಅದಕ್ಕೇ ಅದರ ಬೆಲೆ.

ಕಚೇರಿಯ ಕೆಲಸ

ನಂಬರು ಸಿಕ್ಕ ಮೇಲೆ ಕಚೇರಿಗೆ ಹೋಗುವ ಕ್ರಮ ಬದಲಾಯಿತು. ಈ ಸಲ ಹೊಸ ಅರ್ಜಿಗಿಂತ ಮೊದಲು ಬಿ-ಎಕ್ಸ್‌ಟ್ರ್ಯಾಕ್ಟ್, ಅಂದರೆ ಕಚೇರಿಯಲ್ಲಿರುವ ನೋಂದಣಿ ದಾಖಲೆಯ ನಕಲು, ಕೇಳಿದರು. ಅದರ ಪ್ರಿಂಟಿನಲ್ಲಿ 'ಜಿಎ' ಎಂದೇ ಬಂತು, ಏಕೆಂದರೆ ಕಂಪ್ಯೂಟರಿನಲ್ಲಿ ಇದ್ದದ್ದು ಅದೇ. ಹಾಗಾಗಿ ಮೂಲ ರಿಜಿಸ್ಟರಿನ ಪುಟವನ್ನೇ ನೋಡಿ ತಾಳೆ ಮಾಡಬೇಕೆಂದು ಲಿಖಿತವಾಗಿ ಕೋರಿದರು. ರೆಕಾರ್ಡ್ ರೂಮಿನಿಂದ ಆ ದಪ್ಪ ರಿಜಿಸ್ಟರು ಹೊರಬಂದಾಗ ಪುಟದ ಅಂಚು ಪುಡಿಯಾಗಿತ್ತು, ಆದರೆ ನಂಬರಿನ ಸಾಲು ಉಳಿದಿತ್ತು. ಅದನ್ನು ಬರೆದವರ ಕೈಬರಹ ಬೇರೆ, ಅವರ 'ಸಿ' ಸ್ಪಷ್ಟವಾಗಿತ್ತು. ಅಂಕಿಯೂ 3.

ಆಗ ಇಡೀ ಸರಪಳಿ ಕಣ್ಣಿಗೆ ಬಿತ್ತು. ರೈಲಿನ ಮೇಲೆ ಸರಿ, ರಿಜಿಸ್ಟರಿನಲ್ಲಿ ಸರಿ, ಪುಸ್ತಕದಲ್ಲಿ ಸರಿ ಇದ್ದರೂ ಓದಲು ಕಷ್ಟ, ಕಂಪ್ಯೂಟರಿನಲ್ಲಿ ತಪ್ಪು. ಕಂಪ್ಯೂಟರಿಗೆ ಏರಿಸಿದವರು ಪುಸ್ತಕದ ಪ್ರತಿ ನೋಡಿ ಏರಿಸಿದ್ದರು. ಅವರಿಗೆ ಕೆನಡಾದ ಫೋರ್ಡ್ ಕಥೆ ಗೊತ್ತಿರಬೇಕೆಂದು ಬಯಸುವುದು ನ್ಯಾಯವಲ್ಲ. ಆದರೆ ಇಂಥ ಒಂದು ಅಕ್ಷರಕ್ಕಾಗಿ ಎಷ್ಟು ಹಳೇ ಗಾಡಿಗಳು ಕಾಗದವಿಲ್ಲದೆ ಗುಜರಿ ಸೇರಿರಬಹುದು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಅದೇ ಇನ್‌ಸ್ಪೆಕ್ಟರು ಮತ್ತೆ ತೋಟಕ್ಕೆ ಬಂದರು. ಬಾಡಿಯನ್ನು ಎತ್ತಿದ ಸ್ಥಿತಿಯಲ್ಲೇ ಇಟ್ಟಿದ್ದರು, ಯಾಕೆಂದರೆ ಫೋಟೋ ಎಷ್ಟೇ ಚೆನ್ನಾಗಿರಲಿ, ಅಧಿಕಾರಿ ತಾನೇ ಕಂಡು ತಾನೇ ಪ್ರಿಂಟ್ ತೆಗೆದದ್ದಕ್ಕೆ ಇರುವ ತೂಕ ಅದಕ್ಕಿಲ್ಲ. ಅವರು ಬದಿಯ ಬೆಳಕಿನಲ್ಲಿ ಅಂಕಿ ನೋಡಿದರು, ಪ್ರಿಂಟ್ ತೆಗೆದರು, ಪ್ರಿಂಟಿನಲ್ಲಿ 8ರಂತೆ ಕಾಣುವ ಅಂಕಿ ವಾಸ್ತವದಲ್ಲಿ 3 ಎಂದು ತಮ್ಮ ವರದಿಯಲ್ಲೇ ಬರೆದರು. ಆ ಒಂದು ಸಾಲು ಇಲ್ಲದಿದ್ದರೆ ಮುಂದಿನ ಮೇಜಿನಲ್ಲಿ ಇನ್ಯಾರಾದರೂ ಪ್ರಿಂಟ್ ನೋಡಿ ಮತ್ತೆ ಫೈಲು ನಿಲ್ಲಿಸುತ್ತಿದ್ದರು. ರಿಜಿಸ್ಟರಿನ ದೃಢೀಕೃತ ಪ್ರತಿ, ಇನ್‌ಸ್ಪೆಕ್ಟರ್ ವರದಿ, ಮನೆಯವರ ಅಫಿಡವಿಟ್ ಸೇರಿಸಿ ಕಂಪ್ಯೂಟರ್ ದಾಖಲೆಯ ಅಕ್ಷರ ತಿದ್ದಲು ಅರ್ಜಿ ಹೋಯಿತು, ತಿದ್ದುಪಡಿಯೂ ಆಯಿತು.

ಮಾಲೀಕತ್ವದ ವರ್ಗಾವಣೆ ಬೇಸರದ ಕೆಲಸ, ಆದರೆ ದಾರಿ ಗೊತ್ತಿರುವ ಕೆಲಸ. ತೀರಿಕೊಂಡ ಮಾಲೀಕರಿಂದ ವಾರಸುದಾರರಿಗೆ ವರ್ಗಾಯಿಸಲು ಫಾರಂ 31, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಅಜ್ಜನ ಮಕ್ಕಳು ಬೇರೆಬೇರೆ ಊರಿನಲ್ಲಿದ್ದುದರಿಂದ ಸಹಿ ಕೂಡಿಸಲು ಸಮಯ ಹಿಡಿಯಿತು. ಇದನ್ನು ನಂಬರು ಹುಡುಕುವ ಕೆಲಸದ ಜೊತೆಜೊತೆಗೇ ಶುರುಮಾಡುವುದು ಒಳ್ಳೆಯದು.

ಎಂಜಿನ್ನಿನ ಪ್ರಶ್ನೆ

ಚಾಸಿಸ್ ಬಗೆಹರಿದರೂ ಎಂಜಿನ್ ಉಳಿದಿತ್ತು. ಎಂಜಿನ್ ಬದಲಿಸಿದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಅಜ್ಜ ತಿಳಿಸಿರಲಿಲ್ಲ. ತೋಟದ ಹಳೇ ಲೆಕ್ಕದ ಪುಸ್ತಕಗಳ ನಡುವೆ ಬೊಂಬಾಯಿಯ ಬಿಲ್ಲೊಂದು ಸಿಕ್ಕಿತು. ಸೆಕೆಂಡ್ ಹ್ಯಾಂಡ್ ಫೋರ್ಡ್ ಮಾಡೆಲ್ ಎ ಎಂಜಿನ್ ಒಂದು, ರೈಲ್ವೆ ಪಾರ್ಸೆಲಿನಲ್ಲಿ ಕಳಿಸಿದ್ದು ಎಂದು ಅದರಲ್ಲಿತ್ತು. ಎಂಜಿನ್ ನಂಬರು ಬರೆದಿರಲಿಲ್ಲ. ಆದರೂ ಎಂಜಿನ್ ಕೊಂಡದ್ದು, ಯಾರಿಂದ, ಯಾರಿಗೆ ಎಂಬುದಕ್ಕೆ ಆಧಾರವಾಯಿತು. ಬಿಲ್ಲು, ಬ್ಲಾಕಿನ ಪೆನ್ಸಿಲ್ ಪ್ರಿಂಟ್, ದಂಡ ಕಟ್ಟಿದ ರಸೀದಿ ಲಗತ್ತಿಸಿ ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ನಮೂದಿಸಿದ್ದಾಯಿತು. ಈಗ ಆರ್‌ಸಿಯಲ್ಲಿ ಚಾಸಿಸ್ಸಿಗೆ 'ಸಿಎ' ನಂಬರು, ಎಂಜಿನ್ನಿಗೆ 'ಎ' ನಂಬರು. ಎರಡೂ ಬೇರೆ, ಎರಡೂ ಸತ್ಯ.

ವಿಂಟೇಜ್ ಅರ್ಜಿಯಲ್ಲಿ ಇದನ್ನು ಮುಚ್ಚಿಡಬಾರದೆಂದು ಮನೆಯವರಿಗೆ ಹೇಳಿದೆ, ಅವರೂ ಒಪ್ಪಿದರು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಮಾಡಿದ್ದರೆ ಗಾಡಿ ಮೂಲರೂಪದಲ್ಲಿಲ್ಲ ಎಂದು ಎಣಿಸಲು ನಿಯಮದಲ್ಲಿ ಅವಕಾಶವಿದೆ. ಅದೇ ಮಾದರಿಯ, ಅದೇ ಕಾಲದ, ಅದೇ 3.3 ಲೀಟರಿನ ನಾಲ್ಕು ಸಿಲಿಂಡರಿನ ಎಂಜಿನ್ ಕೂರಿಸಿದ್ದು ಮಾರ್ಪಾಡೋ ಬದಲಿ ಭಾಗವೋ ಎಂಬುದನ್ನು ತೀರ್ಮಾನಿಸುವುದು ರಾಜ್ಯದ ಸಮಿತಿ. ನನ್ನ ಅಭಿಪ್ರಾಯದಲ್ಲಿ ಅದು ಬದಲಿ ಭಾಗ. ಕಾರು ಓಡಾಡುತ್ತಿದ್ದ ಕಾಲದಲ್ಲಿ, ಓಡಾಡಲೆಂದೇ, ಫೋರ್ಡ್ ತಯಾರಿಸಿದ ಎಂಜಿನ್ನನ್ನೇ ಹಾಕಿದ್ದಾರೆ. ಅಂಬಾಸಿಡರ್ ಡೀಸೆಲ್ ಎಂಜಿನ್ ತಂದು ಕೂರಿಸಿದ್ದರೆ ಮಾತು ಬೇರೆ. ಮಾಡೆಲ್ ಎ ಬ್ಲಾಕುಗಳು ಬಿರುಕು ಬಿಡುವುದು, ಬದಲಾಗುವುದು ಲೋಕದಲ್ಲೆಲ್ಲ ಆಗಿರುವ ಸಂಗತಿ. ಇದನ್ನೇ ತಡೆಯಾಗಿ ಹಿಡಿದರೆ ದುಡಿದ ಕಾರುಗಳೆಲ್ಲ ಹೊರಗುಳಿದು, ಶೋಕಿಗೆ ಮುಚ್ಚಿಟ್ಟವು ಮಾತ್ರ ಉಳಿಯುತ್ತವೆ.

ಅರ್ಜಿಯ ಜೊತೆ ಹೋದ ಟಿಪ್ಪಣಿಯಲ್ಲಿ ಇವೆಲ್ಲ ಇವೆ: ರೈಲಿನ ನಂಬರಿನ ಫೋಟೋಗಳು, ಮೂಲ ರಿಜಿಸ್ಟರಿನ ಪ್ರತಿ, ಪುಸ್ತಕದ ಆ ಪುಟ, ಎಂಜಿನ್ ಬದಲಾದ ಬಗ್ಗೆ ಒಂದು ಪುಟದ ವಿವರಣೆ, ಬೊಂಬಾಯಿ ಬಿಲ್ಲು. ಬಾಡಿಯನ್ನು ಮತ್ತೆ ಇಳಿಸುವ ಮೊದಲು ಮೇಸ್ತ್ರಿ ನಂಬರಿನ ಮೇಲೆ ಬಣ್ಣ ಬಳಿಯದೆ ಗ್ರೀಸು ಮಾತ್ರ ಸವರಿದರು. ಮುಂದೆ ಯಾರಾದರೂ ನೋಡಬೇಕೆಂದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎಂವೈ ನಂಬರು ಮೊಮ್ಮಗನ ತಂದೆಯ ಹೆಸರಿಗೆ ಬಂದಿದೆ, ವಿಂಟೇಜ್ ಅರ್ಜಿ ಸಮಿತಿಯ ಮುಂದಿದೆ.